ಡಹಾಣು–ಬೋರ್ಡಿ ಕಡೆಗೆ ಗುಂಪಾಗಿ ಎರಡು ದಿನ: ಚೀಕೂ ತೋಟ, ಕಡಲು, ವಾರ್ಲಿ ಪಾಡಾ ನೋಡಲು ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಸಂಘಗಳ ಪಿಕ್‌ನಿಕ್ ಅಂದರೆ ಸಾಮಾನ್ಯವಾಗಿ ಲೋಣಾವಳ, ಇಲ್ಲವಾದರೆ ಯಾವುದಾದರೂ ವಾಟರ್ ಪಾರ್ಕು. ಬೆಳಿಗ್ಗೆ ಬಸ್ಸು, ಉಪ್ಪಿಟ್ಟು–ಶೀರಾ, ಮಧ್ಯಾಹ್ನ ಹೌಸಿ, ಸಂಜೆ ವಾಪಸ್ಸು. ತಪ್ಪೇನಿಲ್ಲ. ಆದರೆ ವಿರಾರ್ ದಾಟಿ ಲೋಕಲ್ ಗಾಡಿಯಲ್ಲೇ ಇನ್ನೂ ಸ್ವಲ್ಪ ಮುಂದೆ ಹೋದರೆ ಡಹಾಣು ಸಿಗುತ್ತದೆ. ಅಲ್ಲಿಂದ ಬೋರ್ಡಿಯವರೆಗೆ ಒಂದು ಬದಿ ಕಡಲು, ಇನ್ನೊಂದು ಬದಿ ಚೀಕೂ ತೋಟ. ತೆಂಗು, ತಾಳೆ, ಗದ್ದೆ, ಒಣಮೀನಿನ ವಾಸನೆ ಎಲ್ಲ ಇವೆ. ಉಡುಪಿ, ಕಾರ್ಕಳ, ಕುಂದಾಪುರದಿಂದ ಬಂದು ಡೊಂಬಿವಲಿ, ಮೀರಾ ರೋಡ್‌ಗಳಲ್ಲಿ ನೆಲೆಸಿದವರಿಗೆ ಈ ಊರು ಹೊಸದೂ ಹೌದು, ಪರಿಚಯದ್ದೂ ಹೌದು.

ಇಲ್ಲಿಗೆ ಗುಂಪು ಕಟ್ಟಿಕೊಂಡು ಹೋಗುವವರು ಒಂದು ವಿಷಯ ಮೊದಲೇ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಾರ್ಯಕ್ರಮ ಹಾಕುವವರು ನೀವಲ್ಲ. ಕಡಲಿನ ಭರತ–ಇಳಿತಕ್ಕೆ ಅದರದ್ದೇ ಹೊತ್ತಿದೆ, ತೋಟದ ಕೆಲಸಕ್ಕೂ ಇದೆ. ಅವೆರಡರ ನಡುವೆ ನಿಮ್ಮ ಊಟ, ತಿರುಗಾಟ, ಹರಟೆ ಕೂರಿಸಬೇಕು.

ಈ ಊರು ಹೀಗೇ ಉಳಿದಿದ್ದು ಹೇಗೆ

ಕೇಂದ್ರದ ಪರಿಸರ ಸಚಿವಾಲಯ 1991ರಲ್ಲಿ ಡಹಾಣು ತಾಲೂಕನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಘೋಷಿಸಿತು. ದೊಡ್ಡ ಕಾರ್ಖಾನೆಗಳಿಗೆ ಕಡಿವಾಣ ಬಿತ್ತು. ಮುಂಬಯಿಯಿಂದ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಇಷ್ಟು ತೋಟ ಉಳಿಯಲು ಅದೊಂದು ಮುಖ್ಯ ಕಾರಣ. ಪೂರ್ತಿ ಮುಗ್ಧ ಹಳ್ಳಿ ಅಂತ ಅಂದುಕೊಳ್ಳಬೇಡಿ. ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ದೂರದಿಂದಲೇ ಕಾಣುತ್ತದೆ. ಹತ್ತಿರದ ವಾಢವಣದಲ್ಲಿ ದೊಡ್ಡ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆ ಆಗಿದೆ. ಮೀನುಗಾರರು ಅದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಮಾತು ಆ ಕಡೆ ತಿರುಗಿದರೆ ನಮ್ಮ ಅಭಿಪ್ರಾಯ ಬದಿಗಿಟ್ಟು ಅವರು ಹೇಳುವುದನ್ನು ಕೇಳಿ. ಎರಡು ದಿನದ ಅತಿಥಿಗಳಿಗೆ ಅದೇ ಚೆಂದ.

ಹೆಜ್ಜೆ 1: ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಭತ್ತದ ಕೊಯ್ಲು ಮುಗಿದಿರುತ್ತದೆ, ಸೆಕೆ ಕಡಿಮೆ, ತೋಟದಲ್ಲಿ ಹಣ್ಣು ಇರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆವರು ಜಾಸ್ತಿ, ಆದರೆ ತಾಟಿನುಂಗು ಸಿಗುವುದು ಆಗಲೇ. ಮುಂಬಯಿಯಲ್ಲಿ ತಾಡ್‌ಗೋಳಾ ಅಂತ ಗಾಡಿಯಲ್ಲಿ ಕೊಳ್ಳುತ್ತೇವಲ್ಲ, ಅದನ್ನೇ ಇಲ್ಲಿ ಮರದ ಬುಡದಲ್ಲಿ ನಿಂತು ಕತ್ತಿಯಿಂದ ಕೊಯ್ಸಿಕೊಂಡು ತಿನ್ನಬಹುದು. ಮಳೆಗಾಲದಲ್ಲಿ ಗದ್ದೆ ನೋಡಲು ಸೊಗಸು, ನಾಟಿ ನಡೆಯುವುದೂ ಜುಲೈ ಹೊತ್ತಿಗೇ. ಆದರೆ ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವೂ ಇರುತ್ತದೆ. ಸಣ್ಣ ಮಕ್ಕಳು, ವಯಸ್ಸಾದವರು ಇರುವ ಗುಂಪಾದರೆ ಮಳೆಗಾಲ ಬಿಡಿ.

ಹೆಜ್ಜೆ 2: ತಿಥಿ ನೋಡಿ ದಿನ ಗೊತ್ತು ಮಾಡಿ

ಇದನ್ನು ಜನ ಮಾಡುವುದೇ ಇಲ್ಲ. ಶನಿವಾರ–ಭಾನುವಾರ ಸಿಕ್ಕಿತು ಅಂತ ಹೊರಟುಬಿಡುತ್ತಾರೆ. ಬೋರ್ಡಿ ತಲುಪಿದಾಗ ಕಡಲು ಎಲ್ಲೋ ದೂರದಲ್ಲಿ ಒಂದು ಗೆರೆಯ ಹಾಗೆ ಕಾಣುತ್ತದೆ. ಮುಂದೆಲ್ಲ ಬರೀ ಒದ್ದೆ ಮರಳು, ಕೆಸರು. ಮಕ್ಕಳ ಮುಖ ಸಪ್ಪೆ.

ಈ ಕರಾವಳಿಯಲ್ಲಿ ನೆಲ ಬಹಳ ಚಪ್ಪಟೆ, ಭರತ–ಇಳಿತದ ಏರಿಳಿತವೂ ನಮ್ಮ ಮಲ್ಪೆ, ಮರವಂತೆಗಿಂತ ತುಂಬಾ ಜಾಸ್ತಿ. ಉತ್ತರಕ್ಕೆ ಖಂಭಾತ್ ಕೊಲ್ಲಿ ಲಾಳಿಕೆಯ ಹಾಗೆ ಕಿರಿದಾಗುತ್ತ ಹೋಗುವುದರಿಂದ ಅಲ್ಲಿ ನೀರು ಒತ್ತಿ ಏರುತ್ತದೆ. ಅದರ ಪರಿಣಾಮ ಇಲ್ಲಿಯವರೆಗೂ ಇದೆ. ಹಾಗಾಗಿ ಇಳಿತದಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ.

ಲೆಕ್ಕ ಸುಲಭ. ಇಲ್ಲಿಯ ಕೋಳಿ ಸಮುದಾಯದ ಮೀನುಗಾರರಿಗೆ ಇದು ಬಾಯಿಪಾಠ, ನಿಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಇದ್ದರೆ ನಿಮಗೂ ಆಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ದಿನ ಮಧ್ಯಾಹ್ನ 12ರಿಂದ 1ರ ಆಸುಪಾಸು ಪೂರ್ತಿ ಭರತ. ಅದಾದ ಸುಮಾರು ಆರು ಗಂಟೆಗೆ ಪೂರ್ತಿ ಇಳಿತ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಪಂಚಮಿ ಹೊತ್ತಿಗೆ ಭರತ ಸಂಜೆ 4ರ ಸುಮಾರಿಗೆ ಬರುತ್ತದೆ. ಅಷ್ಟಮಿಗೆ ಬೆಳಿಗ್ಗೆ, ಸಂಜೆ ಆರೂವರೆ ಆಸುಪಾಸು ಭರತ, ಮಧ್ಯಾಹ್ನ ಇಳಿತ.

ಇದರಿಂದ ಏನು ಉಪಯೋಗ? ಸಂಜೆ ಹೊತ್ತು ತುಂಬಿದ ಕಡಲಿನ ಮುಂದೆ ಕೂತು ಹಾಡು ಹೇಳಬೇಕೆಂದಿದ್ದರೆ ಷಷ್ಠಿಯಿಂದ ಅಷ್ಟಮಿ ಒಳಗಿನ ವಾರಾಂತ್ಯ ಹಿಡಿಯಿರಿ. ಒದ್ದೆ ಮರಳಿನ ಮೇಲೆ ದೂರ ನಡೆಯಬೇಕು, ಮಕ್ಕಳು ಕ್ರಿಕೆಟ್ ಆಡಬೇಕು ಅಂದರೆ ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರದ ಸಂಜೆಗಳು. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವ ಗುಂಪಿಗೆ ಅಷ್ಟಮಿಯೇ ವಾಸಿ. ಬಂದವರಿಗೆ ಕಡಲು ಕಾಣಬೇಕು, ಅಲ್ವಾ? ಹೊರಡುವ ಮೊದಲು ಆ ದಿನದ ಸರಿಯಾದ ಸಮಯವನ್ನು ಟೈಡ್ ಚಾರ್ಟಿನಲ್ಲಿ ನೋಡಿಕೊಳ್ಳಿ. ತಿಥಿ ಲೆಕ್ಕ ದಿನ ಆರಿಸಲು ಸಾಕು, ನೀರಿಗೆ ಇಳಿಯಲು ಸಾಲದು.

ಒಂದು ಎಚ್ಚರಿಕೆ. ಚಪ್ಪಟೆ ತೀರದಲ್ಲಿ ನೀರು ಹಿಂದೆ ಹೋದಷ್ಟೇ ಸಲೀಸಾಗಿ ವಾಪಸ್ ಬರುತ್ತದೆ. ಫೋಟೋ ತೆಗೆಯುತ್ತ ದೂರ ಹೋದವರ ಹಿಂದೆ ಇರುವ ತಗ್ಗು ಮೊದಲು ತುಂಬುತ್ತದೆ. ಇಳಿತ ಮುಗಿದು ನೀರು ತಿರುಗಿತು ಅಂದ ತಕ್ಷಣ ಎಲ್ಲರೂ ಗಾಳಿಮರದ ಸಾಲಿನ ಕಡೆಗೆ ಬರಬೇಕು. ಇದನ್ನು ನೋಡಿಕೊಳ್ಳಲು ಒಬ್ಬರಿಗೆ ಜವಾಬ್ದಾರಿ ಕೊಡಿ.

ಹೆಜ್ಜೆ 3: ಗುಂಪು, ದುಡ್ಡು

ಹದಿನೈದರಿಂದ ಇಪ್ಪತ್ತು ಜನ. ಅದಕ್ಕಿಂತ ಜಾಸ್ತಿ ಆದರೆ ರೈತರ ಮನೆಯಲ್ಲಿ ಜಾಗ ಸಾಲುವುದಿಲ್ಲ. ಗುಂಪು ಎರಡಾಗಿ ಒಡೆದು ಒಂದು ಅರ್ಧ ಇನ್ನೊಂದು ಅರ್ಧಕ್ಕೆ ಕಾಯುವುದರಲ್ಲೇ ದಿನ ಹೋಗುತ್ತದೆ. ಐವತ್ತು ಜನ ಬರುತ್ತೇವೆ ಅಂದರೆ ಎರಡು ಬೇರೆ ವಾರ ಮಾಡಿ.

ವಾಟ್ಸಾಪ್ ಗುಂಪಿನಲ್ಲಿ ಕೈ ಎತ್ತಿದವರನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ಅರ್ಧ ದುಡ್ಡು ಕೊಟ್ಟವರು ಮಾತ್ರ ಬರುವವರು. ಖಜಾಂಚಿ ಒಬ್ಬರೇ ಇರಲಿ. ಊಟ, ವಾಸ, ಗಾಡಿಯ ದುಡ್ಡು ಅವರ ಕೈಯಿಂದಲೇ ಹೋಗಲಿ. ಸ್ವಲ್ಪ ನಗದೂ ಇಟ್ಟುಕೊಳ್ಳಿ, ವಾರ್ಲಿ ಬುಡಕಟ್ಟಿನವರ ಹಾಡಿಗಳಾದ ಪಾಡಾಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ಕೂರುವ ಹಾಗಿಲ್ಲ.

ಹೆಜ್ಜೆ 4: ಮನೆ ಗೊತ್ತು ಮಾಡುವುದು

ಡಹಾಣು ಪೇಟೆಯಲ್ಲಿ ಲಾಡ್ಜ್ ಇವೆ, ಬೋರ್ಡಿಯಲ್ಲಿ ರಿಸಾರ್ಟ್‌ಗಳೂ ಇವೆ. ನಿಮಗೆ ಬೇಕಾದದ್ದು ತೋಟದೊಳಗಿನ ಮನೆ. ಘೋಲವಡ, ಬೋರ್ಡಿ, ಚಿಖಲೆ, ನರ್ಪಡ್ ಕಡೆ ತೋಟದವರೇ ಕೋಣೆ ಕೊಡುತ್ತಾರೆ. ಕೆಲವು ಮರಾಠಿ ಮನೆಗಳು, ಕೆಲವು ಇರಾನಿ–ಪಾರ್ಸಿ ಮನೆಗಳು. ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿ ತಂದ ಮೇಲೆ ಇಂಥವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು. ನೋಂದಣಿ ಇದೆಯಾ ಅಂತ ಕೇಳಿ.

ಫೋನಿನಲ್ಲಿ ಕೇಳಬೇಕಾದ್ದು ಇನ್ನೂ ಇದೆ. ತೋಟದಲ್ಲಿ ಈಗ ಕೊಯ್ಲು ನಡೆಯುತ್ತಿದೆಯಾ? ಅಲ್ಲಿ ನಿಂತು ನೋಡಬಹುದಾ? ಔಷಧಿ ಹೊಡೆಯುವ ದಿನ ಅಲ್ಲ ತಾನೇ? ಬಚ್ಚಲು ಎಷ್ಟು? ಹಾಸಿಗೆ ನೆಲದ ಮೇಲೆಯೋ ಮಂಚವೋ? ಮೊಣಕಾಲು ನೋವಿನವರಿಗೆ ಕಮೋಡ್ ಇದೆಯಾ? ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ನಮ್ಮ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಅಲ್ಲಿ ಹೋದ ಮೇಲೆ ಕಷ್ಟಪಡುತ್ತಾರೆ. ನೀರು ಕಾಯಿಸಲು ಹಂಡೆ ಒಲೆ ಇದ್ದರೆ ಸರದಿಯ ಪಟ್ಟಿ ಮೊದಲೇ ಮಾಡಿ.

ಹೆಜ್ಜೆ 5: ಹೋಗುವ ದಾರಿ

ರೈಲೇ ಒಳ್ಳೆಯದು. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು ಯಾರೂ ಕಡಲು ನೋಡಿದ್ದಿಲ್ಲ. ವಿರಾರ್–ಡಹಾಣು ರೋಡ್ ನಡುವೆ 2013ರಿಂದ ಲೋಕಲ್ ಓಡುತ್ತಿದೆ. ಕೆಲವು ಗಾಡಿಗಳು ಚರ್ಚ್‌ಗೇಟ್‌ನಿಂದಲೇ ನೇರ ಇವೆ. ವಿರಾರ್ ಆದ ಮೇಲೆ ವೈತರಣಾ, ಸಫಾಳೆ, ಕೇಳವೆ ರೋಡ್, ಪಾಲ್ಘರ್, ಉಮರೋಳಿ, ಬೋಯಿಸರ್, ವಾಣಗಾಂವ್, ಆಮೇಲೆ ಡಹಾಣು ರೋಡ್. ವೈತರಣಾ ಹೊಳೆ ದಾಟುವಾಗ ಕಿಟಕಿ ಪಕ್ಕದವರು ಎದ್ದು ಮಕ್ಕಳಿಗೆ ಜಾಗ ಕೊಡಿ.

ಡಹಾಣು ಗಾಡಿ ವಿರಾರ್ ಗಾಡಿಯ ಹಾಗೆ ನಾಲ್ಕು ನಿಮಿಷಕ್ಕೊಂದು ಬರುವುದಿಲ್ಲ. ಒಂದು ತಪ್ಪಿದರೆ ದೊಡ್ಡ ಕಾಯುವಿಕೆ. ಹೋಗುವ, ಬರುವ ಎರಡೂ ಗಾಡಿಯ ಸಮಯ ಎಲ್ಲರ ಫೋನಿನಲ್ಲಿ ಇರಲಿ. ಭಾನುವಾರ ಹಳಿ ದುರಸ್ತಿಗಾಗಿ ಗಾಡಿ ನಿಲ್ಲಿಸುವ ಜಂಬೋ ಬ್ಲಾಕ್ ಇದೆಯಾ ಅಂತ ಶನಿವಾರವೇ ನೋಡಿಕೊಳ್ಳಿ. ಸೆಂಟ್ರಲ್ ಲೈನಿನ ಡೊಂಬಿವಲಿ, ಠಾಣೆಯವರು ದಾದರ್‌ಗೆ ಬಂದು ಗಾಡಿ ಬದಲಿಸುವುದರಿಂದ ಅವರಿಗೆ ಒಂದು ಗಂಟೆ ಹೆಚ್ಚು ಹಿಡಿಯಿರಿ.

ಡಹಾಣು ರೋಡ್ ಸ್ಟೇಷನ್ನಿನ ಹೊರಗೆ ರಿಕ್ಷಾ, ಟಮ್‌ಟಮ್, ಎಸ್‌ಟಿ ಬಸ್ ಸಿಗುತ್ತವೆ. ಬೋರ್ಡಿ ಅಲ್ಲಿಂದ 15–17 ಕಿಲೋಮೀಟರ್. ಕಡಲ ಪಕ್ಕದ ರಸ್ತೆಯಲ್ಲೇ ಹೋಗಲು ಹೇಳಿ. ಮನೆಯವರಿಗೆ ಹೇಳಿದರೆ ಅವರ ಪರಿಚಯದ ಗಾಡಿ ಕಳಿಸುತ್ತಾರೆ. ದರ ಮೊದಲೇ ಮಾತಾಡಿ.

ಹೆಜ್ಜೆ 6: ತೋಟದಲ್ಲಿ ಬೆಳಗಿನ ಹೊತ್ತು

ತೋಟ ನೋಡುವುದು ಬೆಳಿಗ್ಗೆಯೇ. ತಿಂಡಿ ತಿಂದು, ಸ್ನಾನ ಮಾಡಿ, ಹತ್ತೂವರೆಗೆ ಹೋದರೆ ಮರ ಮಾತ್ರ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಚಹಾ ಕುಡಿದು ಏಳು ಗಂಟೆಗೆ ಹೊರಡಿ.

ಇಲ್ಲಿಯ ಚೀಕೂವಿಗೆ ಡಹಾಣು ಘೋಲವಡ ಚೀಕೂ ಅಂತ 2016ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದೆ. ಹೆಚ್ಚಾಗಿ ಕಾಳಿಪತ್ತಿ ತಳಿ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಿಂದ ಈ ಸಿಹಿ ಅಂತ ಬೆಳೆಗಾರರು ಹೇಳುತ್ತಾರೆ. ಮರ ಮಾತ್ರ ಈ ನೆಲದ್ದಲ್ಲ, ಮೂಲ ಮೆಕ್ಸಿಕೊ ಕಡೆಯದು. ಇದರ ಹಾಲಿನಿಂದಲೇ ಹಿಂದೆ ಅಲ್ಲಿ ಚೂಯಿಂಗ್ ಗಮ್ ಮಾಡುತ್ತಿದ್ದರು. ಮಕ್ಕಳಿಗೆ ಇದನ್ನು ಹೇಳಿ, ಆಮೇಲೆ ತೊಟ್ಟಿನ ಹಾಲು ಬೆರಳಿಗೆ ಅಂಟಿಸಿ ತೋರಿಸಿ. ನೆನಪಿರುತ್ತದೆ.

ಚೀಕೂ ಮರದಲ್ಲಿ ಹಣ್ಣಾಗುವವರೆಗೆ ಬಿಡುವುದಿಲ್ಲ. ಬಲಿತ ಕಾಯಿಯನ್ನು ಗಟ್ಟಿ ಇರುವಾಗಲೇ ಇಳಿಸುತ್ತಾರೆ. ಯಾವುದು ಬಲಿತದ್ದು? ಹೊರಗಿನಿಂದ ಎಲ್ಲವೂ ಒಂದೇ ಕಂದು ಬಣ್ಣ. ಕೆಲಸದವರು ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪ ಕೆರೆದು ನೋಡುತ್ತಾರೆ. ಒಳಗೆ ಹಸಿರು ಕಂಡು ಹಾಲು ಒಸರಿದರೆ ಎಳೆಯದು. ಹಳದಿ ಛಾಯೆ ಕಂಡು ಹಾಲು ಬಾರದಿದ್ದರೆ ಬಲಿತಿದೆ. ಮೇಲಿನ ಕಂದು ಹುಡಿ ಕೈ ತಾಗಿದರೆ ಉದುರುವುದೂ ಒಂದು ಗುರುತು. ನಮ್ಮ ಜೊತೆ ಬಂದಿದ್ದ ಕಾರ್ಕಳದ ಒಬ್ಬ ಅಜ್ಜಿ ಇದನ್ನು ಒಮ್ಮೆ ನೋಡಿದ್ದೇ ತಡ, ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ವಿಂಗಡಿಸಲು ಶುರು ಮಾಡಿದರು. ಅಲ್ಲಿಯ ಹೆಂಗಸರು ಅವರನ್ನು ‘ಆಜಿ’ ಅಂತ ಕರೆದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಕೊಯ್ಯುವ ಸಾಧನ ಉದ್ದ ಬಿದಿರಿನ ಗಳು. ತುದಿಯಲ್ಲಿ ಒಂದು ಬಲೆಚೀಲ. ತೊಟ್ಟು ಕತ್ತರಿಸಿದ ಕಾಯಿ ನೆಲಕ್ಕೆ ಬೀಳದೆ ಬಲೆಗೆ ಬೀಳಬೇಕು. ಬಿದ್ದರೆ ಪೆಟ್ಟಾಗಿ ಕೊಳೆಯುತ್ತದೆ. ನೋಡಲು ಸುಲಭ, ಕೈಗೆ ತೆಗೆದುಕೊಂಡರೆ ಗಳು ಅತ್ತಿತ್ತ ಓಲಾಡುತ್ತದೆ. ಕೊಡಿ ಅಂತ ಕೇಳಿ, ಕೊಟ್ಟರೆ ನಾಲ್ಕು ಕಾಯಿ ಕೊಯ್ದು ವಾಪಸ್ ಕೊಡಿ. ಅವರು ಕೆಲಸದಲ್ಲಿದ್ದಾರೆ, ಮಧ್ಯಾಹ್ನದೊಳಗೆ ಕಾಯಿ ತೊಳೆದು, ಗಾತ್ರ ನೋಡಿ, ಪೆಟ್ಟಿಗೆ ತುಂಬಿ ಗಾಡಿಗೆ ಏರಿಸಬೇಕು. ಇಪ್ಪತ್ತು ಜನ ಸರದಿಯಲ್ಲಿ ಗಳು ಹಿಡಿದು ರೀಲ್ ಮಾಡಿದರೆ ಅವರ ಬೆಳಗ್ಗೆ ಹಾಳು.

ತೆಂಗಿನ ಬಗ್ಗೆ, ನೀರು ಬಿಡುವ ಬಗ್ಗೆ, ಕೂಲಿ ಸಿಗದಿರುವ ಬಗ್ಗೆ ತೋಟದವರ ಜೊತೆ ಮಾತಾಡಿ. ನಮ್ಮಲ್ಲಿ ಅರ್ಧ ಜನರಿಗೆ ಊರಲ್ಲಿ ತೋಟ ಇದೆ, ನೋಡಿಕೊಳ್ಳುವವರಿಲ್ಲ. ಮಾತು ತಾನಾಗಿ ಬೆಳೆಯುತ್ತದೆ.

ಹೆಜ್ಜೆ 7: ಮೀನುಗಾರರ ಕೇರಿ

ಡಹಾಣು ಖಾಡಿಯ (ಅಳಿವೆಯ) ಪಕ್ಕದಲ್ಲೂ, ಗುಜರಾತ್ ಗಡಿಯ ಝಾಯಿಯಲ್ಲೂ ಮೀನುಗಾರರ ಮನೆಗಳಿವೆ. ಭರತದ ನೀರು ಖಾಡಿಗೆ ಏರಿದಾಗ ದೋಣಿಗಳು ಒಳಗೆ ಬರುತ್ತವೆ, ಹಾಗಾಗಿ ಇಲ್ಲಿಗೂ ತಿಥಿ ಲೆಕ್ಕವೇ ದಾರಿ. ಚಳಿಗಾಲದಲ್ಲಿ ಬೊಂಬಿಲ್ ಒಣಗಿಸುವುದನ್ನು ನೋಡಬಹುದು. ಬಿದಿರಿನ ಚೌಕಟ್ಟು ಕಟ್ಟಿ, ಎರಡೆರಡು ಮೀನನ್ನು ಬಾಯಿಗೆ ಬಾಯಿ ಸಿಕ್ಕಿಸಿ ಸಾಲಾಗಿ ನೇತು ಹಾಕುತ್ತಾರೆ. ಹಸಿ ಬೊಂಬಿಲ್ ಮೈಯೆಲ್ಲ ನೀರು, ಎರಡು–ಮೂರು ದಿನದ ಬಿಸಿಲು–ಗಾಳಿಗೆ ಕಡ್ಡಿಯಾಗುತ್ತದೆ. ಒಣಮೀನು ಕೊಳ್ಳುವುದಾದರೆ ಮುರಿದು ನೋಡಿ, ಬಾಗಿದರೆ ಇನ್ನೂ ಒಣಗಿಲ್ಲ. ಲೋಕಲ್‌ನಲ್ಲಿ ಪಕ್ಕದವರ ಹಿತಕ್ಕಾಗಿ ಎರಡು ಪದರ ಕಟ್ಟಿಸಿ.

ಹೆಜ್ಜೆ 8: ವಾರ್ಲಿ ಪಾಡಾ

ರೈಲು ಹಳಿಯ ಪೂರ್ವಕ್ಕೆ ಹೋದರೆ ಕಡಲಿನ ಗಾಳಿ ಮುಗಿದು ಗುಡ್ಡ, ಸಾಗುವಾನಿ ಶುರುವಾಗುತ್ತದೆ. ವಾರ್ಲಿಗಳ ಮನೆಗಳು ಸಣ್ಣ ಸಣ್ಣ ಪಾಡಾಗಳಲ್ಲಿವೆ. ಗಂಜಾಡ್ ಗ್ರಾಮದ ವಾರ್ಲಿ ಚಿತ್ರಗಾರ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ಅವರು ತೀರಿಕೊಂಡರು. ಮದುವೆಯ ಹೊತ್ತಿಗೆ ಹೆಂಗಸರು ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದ ಚಿತ್ರ ಇವರ ಕೈಯಿಂದ ಕಾಗದಕ್ಕೆ, ಬಟ್ಟೆಗೆ ಬಂದು ಜಗತ್ತು ಸುತ್ತಿತು. ಈಗ ಈ ಭಾಗದಲ್ಲಿ ಬರೆಯುವವರು ಬಹಳ ಜನ ಇದ್ದಾರೆ.

ನಿಮ್ಮ ಮನೆಯವರ ಮೂಲಕ ಒಬ್ಬ ಚಿತ್ರಗಾರರ ಮನೆಗೆ ಮೊದಲೇ ಹೇಳಿ ಹೋಗಿ. ಸುಮ್ನೆ ಪಾಡಾದೊಳಗೆ ಇಪ್ಪತ್ತು ಜನ ನುಗ್ಗಬೇಡಿ. ಮನೆಯೊಳಗೆ, ಅಂಗಳದಲ್ಲಿ ಫೋಟೋ ತೆಗೆಯುವ ಮೊದಲು ಕೇಳಿ. ಮಕ್ಕಳಿಗೆ ಚಾಕಲೇಟ್ ಹಂಚುವ ಅಭ್ಯಾಸ ಬಿಡಿ, ಮುಂದಿನ ಗುಂಪಿನ ಮುಂದೆ ಅವರು ಕೈ ಚಾಚುವ ಹಾಗಾಗುತ್ತದೆ. ಚಿತ್ರ ಕೊಳ್ಳುವಾಗ ಚೌಕಾಶಿ ಕಡಿಮೆ ಇರಲಿ. ಒಂದು ಗಂಟೆ ಕೂತು ಬಿದಿರು ಕಡ್ಡಿಯಿಂದ ಬರೆಯುವುದು ಕಲಿಸಿಕೊಡಿ ಅಂತ ಕೇಳಿ, ಅದಕ್ಕೂ ದುಡ್ಡು ಕೊಡಿ. ನಮ್ಮ ಹೆಂಗಸರು ರಂಗೋಲಿ ಹಾಕಿದ ಕೈಯವರು, ಬೇಗ ಹಿಡಿಯುತ್ತಾರೆ. ಆದರೆ ವಾರ್ಲಿ ಚಿತ್ರದಲ್ಲಿ ಎರಡು ತ್ರಿಕೋನ ಸೇರಿಸಿ ಬರೆಯುವ ಆ ಮನುಷ್ಯ ಕುಣಿಯುತ್ತಿದ್ದಾನೆ ಅನ್ನಿಸುವ ಹಾಗೆ ಬರೆಯುವುದು ಅಷ್ಟು ಸುಲಭವಲ್ಲ.

ಒಣ ಸೋರೆಬುರುಡೆಯಿಂದ ಮಾಡಿದ ತಾರ್ಪಾ ವಾದ್ಯದ ಕುಣಿತ ಏರ್ಪಡಿಸಬಹುದು. ದುಡ್ಡು ಕುಣಿಯುವವರ ಕೈಗೇ ಹೋಗುತ್ತದೆಯಾ ಕೇಳಿಕೊಳ್ಳಿ. ಕುರ್ಚಿ ಹಾಕಿ ಕೂತು ನೋಡುವುದಕ್ಕಿಂತ ಕರೆದಾಗ ಸಾಲಿಗೆ ಸೇರಿ.

ಊಟದ ವಿಷಯ

ನಮ್ಮ ಗುಂಪುಗಳಲ್ಲಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ಮೀನಿಲ್ಲದೆ ಅನ್ನ ಇಳಿಯದವರು ಒಟ್ಟಿಗೇ ಇರುತ್ತಾರೆ. ಎಷ್ಟು ಜನ ಯಾವ ಕಡೆ ಅಂತ ಲೆಕ್ಕ ಹಾಕಿ ಮೂರು ದಿನ ಮೊದಲು ಹೇಳಿ. ‘ಅಲ್ಲಿ ಹೋಗಿ ನೋಡೋಣ’ ಅನ್ನಬೇಡಿ. ಅಕ್ಕಿ ಭಾಕ್ರಿ, ತರಕಾರಿ, ಬೇಳೆ, ಮೀನಿನ ಸಾರು ಹೇಳಿ. ಪನೀರ್, ನೂಡಲ್ಸ್ ಕೇಳಬೇಡಿ. ಭಾಕ್ರಿಯನ್ನು ಒಲೆಯ ಮೇಲೆ ತಟ್ಟುವ ಹೆಂಗಸಿಗೆ ಇಪ್ಪತ್ತು ಜನರ ಊಟ ದೊಡ್ಡ ಕೆಲಸ, ಮೂರು ಸರದಿಯಲ್ಲಿ ಕೂತರೆ ಎಲ್ಲರಿಗೂ ಬಿಸಿ ಸಿಗುತ್ತದೆ.

ಚಳಿಗಾಲದಲ್ಲಿ ಉಬಾಡಿಯು ಸಿಗುತ್ತಾ ಕೇಳಿ. ಗೆಣಸು, ನೇರಳೆ ಬಣ್ಣದ ಕಂದ, ಅವರೆಯ ಜಾತಿಯ ಪಾಪಡಿಯನ್ನು ಹಸಿ ಮಸಾಲೆ ಜೊತೆ ಮಣ್ಣಿನ ಮಡಕೆಗೆ ತುಂಬಿ, ಬಾಯಿಗೆ ಎಲೆ ತುರುಕಿ, ಮಡಕೆ ಬೋರಲು ಹಾಕಿ ಸುತ್ತ ಬೆಂಕಿ ಕೊಡುತ್ತಾರೆ. ನೀರು, ಎಣ್ಣೆ ಹಾಕುವುದಿಲ್ಲ. ಮಡಕೆ ಬಿಚ್ಚಿದಾಗ ಮೊದಲು ಎಲೆಯ ಹೊಗೆವಾಸನೆ, ಆಮೇಲೆ ಗೆಣಸಿನದು. ವಲಸಾಡ್ ಕಡೆಯ ಹೆದ್ದಾರಿಯಲ್ಲೂ ಮಾರುತ್ತಾರೆ, ಆದರೆ ತೋಟದಲ್ಲಿ ಬೆಂಕಿಯ ಸುತ್ತ ಕೂತು ತಿನ್ನುವ ರುಚಿ ಬೇರೆ.

ನೀರಾ ಕುಡಿಯುವ ಆಸೆ ಇದ್ದರೆ ಬಿಸಿಲು ಏರುವ ಮೊದಲು. ಹೊತ್ತು ಏರಿದ ಮೇಲೆ ಅದು ಹುಳಿಯುತ್ತ ತಾಡಿ ಆಗುತ್ತದೆ, ‘ಸಿಹಿ ಇದೆ’ ಅಂತ ಮಕ್ಕಳಿಗೆ ಕೊಡಬೇಡಿ. ಬೋರ್ಡಿಯಿಂದ ಸ್ವಲ್ಪ ದೂರದಲ್ಲೇ ಗುಜರಾತ್, ಅಲ್ಲಿ ಪಾನನಿಷೇಧ. ಬಾಟಲಿ ಇಟ್ಟುಕೊಂಡು ಉಮರಗಾಂವ್ ಕಡೆ ಗಾಡಿ ತಿರುಗಿಸುವ ಉತ್ಸಾಹಿಗಳು ನಿಮ್ಮ ಗುಂಪಿನಲ್ಲಿದ್ದರೆ ಮೊದಲೇ ಹೇಳಿಬಿಡಿ.

ಪಟ್ಟಿಗೆ ಸೇರಿಸಬಾರದ ಜಾಗಗಳು

ಹೆದ್ದಾರಿ ಪಕ್ಕದ ಮಹಾಲಕ್ಷ್ಮಿ ದೇವಸ್ಥಾನ, ಪಾರ್ಸಿಗಳು ಪವಿತ್ರ ಅಗ್ನಿಯನ್ನು ಬಚ್ಚಿಟ್ಟಿದ್ದರು ಎನ್ನುವ ಬಾಹ್ರೋಟ್ ಗುಹೆ, ಜವ್ಹಾರ್, ಉದವಾಡಾ. ಎಲ್ಲ ಒಳ್ಳೆಯ ಜಾಗಗಳೇ. ಎರಡು ದಿನದಲ್ಲಿ ಎಲ್ಲ ಸೇರಿಸಿದರೆ ಮತ್ತೆ ಬಸ್ಸಿನ ಪಿಕ್‌ನಿಕ್ಕೇ ಆಗುತ್ತದೆ. ಒಂದು ಬೇಕೇ ಬೇಕು ಅಂದರೆ ಕೋಸಬಾಡ್ ಗುಡ್ಡ ಸೇರಿಸಿ. ಶಿಕ್ಷಣ ತಜ್ಞೆಯರಾದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ವಾರ್ಲಿ ಮಕ್ಕಳಿಗಾಗಿ ಬಾಲವಾಡಿ ಕಟ್ಟಿದ ಜಾಗ ಅದು. ಶಾಲೆಗೆ ಬಾರದ ಮಕ್ಕಳು ದನ ಮೇಯಿಸುವಲ್ಲಿಗೇ ಶಾಲೆಯನ್ನು ಒಯ್ದವರು ಇವರು. ಗುಂಪಿನಲ್ಲಿ ಟೀಚರ್‌ಗಳಿದ್ದರೆ ಅವರು ಅಲ್ಲಿಂದ ಬೇಗ ಏಳುವುದಿಲ್ಲ.

ರಾತ್ರಿ

ಅಂತ್ಯಾಕ್ಷರಿ ಇರಲಿ, ಯಕ್ಷಗಾನದ ಪದ ಹಾಡುವವರಿದ್ದರೆ ಇನ್ನೂ ಚೆನ್ನ. ಸ್ಪೀಕರ್ ಬೇಡ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ಅವಕಾಶ ಇಲ್ಲ, ಅದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯವರು ನಸುಕಿಗೆ ಏಳಬೇಕು. ಸೊಳ್ಳೆಗೆ ಓಡೋಮಾಸ್, ತೋಟದಲ್ಲಿ ಓಡಾಡಲು ಟಾರ್ಚ್, ಕಾಲಿಗೆ ಮುಚ್ಚಿದ ಚಪ್ಪಲಿ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕಾಗುವಷ್ಟು ತನ್ನಿ. ಸರಕಾರಿ ಆಸ್ಪತ್ರೆ ಡಹಾಣು ಪೇಟೆಯಲ್ಲಿದೆ. ಸ್ಟೀಲ್ ಲೋಟ, ತಟ್ಟೆ ತಂದರೆ ಥರ್ಮಾಕೋಲ್ ಕಸ ಅವರ ತೋಟದಲ್ಲಿ ಬೀಳುವುದಿಲ್ಲ.

ಹಣ್ಣು ತರುವುದು

ಹೊರಡುವ ದಿನ ಎಲ್ಲರಿಗೂ ಚೀಕೂ ಬೇಕು. ಒಟ್ಟು ಎಷ್ಟು ಕಿಲೋ ಅಂತ ಹಿಂದಿನ ರಾತ್ರಿಯೇ ಹೇಳಿ, ಬೆಳಿಗ್ಗೆ ಕೊಯ್ದದ್ದನ್ನು ಕೊಡುತ್ತಾರೆ. ಹಣ್ಣಾದದ್ದು ಬೇಡ, ಗಟ್ಟಿ ಕಾಯಿ ತನ್ನಿ. ಸಂಜೆಯ ಲೋಕಲ್‌ನಲ್ಲಿ ಹಣ್ಣು ಜಜ್ಜಿ ಹೋಗುತ್ತದೆ. ಬಟ್ಟೆಯ ಚೀಲಕ್ಕಿಂತ ರಟ್ಟಿನ ಡಬ್ಬಿ ಒಳ್ಳೆಯದು, ನಡುವೆ ಭತ್ತದ ಹುಲ್ಲು ಅಥವಾ ಹಳೆ ಪೇಪರ್ ಹಾಕಿಸಿ.

ಮನೆಗೆ ಬಂದ ಮೇಲೆ ಹಾಲಿನ ಅಂಟು ಇದ್ದರೆ ತೊಳೆದು ಒರೆಸಿ, ಪೇಪರ್ ಸುತ್ತಿ ಅಕ್ಕಿ ಡಬ್ಬಿಯಲ್ಲಿಡಿ. ಮೂರನೇ ದಿನದಿಂದ ತೊಟ್ಟಿನ ಹತ್ತಿರ ಒತ್ತಿ ನೋಡಿ. ಎಲ್ಲವೂ ಒಂದೇ ದಿನ ಹಣ್ಣಾದರೆ ಫ್ರಿಜ್ಜಿಗೆ ಹಾಕಿ, ಕಾಯಿ ಇರುವಾಗ ಮಾತ್ರ ಹಾಕಬೇಡಿ, ಸರಿಯಾಗಿ ಹಣ್ಣಾಗುವುದಿಲ್ಲ. ಐದು ದಿನ ಕಳೆದರೂ ಕಲ್ಲಿನ ಹಾಗಿರುವ ಒಂದೆರಡು ಇದ್ದೇ ಇರುತ್ತವೆ. ಅವು ಎಳೆಯವು, ನಿಮ್ಮ ಗುಂಪಿನವರೇ ಗಳು ಹಿಡಿದು ಕೊಯ್ದವು ಇರಬೇಕು.